ಮಲಗು ಅಂದವರು, ಏಳು ಅಂದವರು: ಮುರಿದ ಬೆನ್ನಿನ ಚರಿತ್ರೆ

ಭಾಗ 1

ಗುಬ್ಬಿ ಅಂದ ತಕ್ಷಣ ಹೊರಗಿನವರಿಗೆ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತೆ. ಕುಣಿಗಲ್ ಅಂದ್ರೆ ಕೆರೆ, ಕುದುರೆ ಫಾರಂ. ತುಮಕೂರು ಅಂದ್ರೆ ಸಿದ್ಧಗಂಗೆ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ಆದ್ರೆ ಈ ಮೂರೂ ಊರಿನ ಸುತ್ತ ಬಸ್ಸಲ್ಲಿ ಹೋಗುವಾಗ ಕಿಟಕಿ ಆಚೆ ಹೆಚ್ಚಾಗಿ ಕಾಣೋದು ತೆಂಗು, ನಡುವೆ ಅಡಿಕೆ. ನಮ್ಮಲ್ಲಿ ಎಷ್ಟೋ ಜನರ ಕಾಲೇಜು ಫೀಸು ಬರೋದು ಆ ಮರಗಳ ತುದಿಯಿಂದಲೇ.

ಆ ತುದಿಗೆ ಯಾರೋ ಒಬ್ಬರು ಹತ್ತಬೇಕಲ್ಲ. ಮೊದಲ ಫೋಟೋ ನೋಡಿ. ನಲವತ್ತು, ಐವತ್ತು ಅಡಿ ಎತ್ತರ. ಕಾಲಿಗೆ ಹಗ್ಗದ ಕುಣಿಕೆ, ಸೊಂಟದಲ್ಲಿ ಮಚ್ಚು. ಬೇರೆ ಏನೂ ಇಲ್ಲ. ಮಳೆಗೆ ಮರ ಪಾಚಿ ಕಟ್ಟಿದ್ರೆ, ಒಣಗಿದ ಗರಿ ಕೈಗೆ ಬಂದ್ರೆ, ಕಣಜ ಎದ್ದರೆ ಮುಗೀತು.

ಬಿದ್ದವರಲ್ಲಿ ಬದುಕಿ ಉಳಿದವರಿಗೆ ಆಗೋ ದೊಡ್ಡ ಪೆಟ್ಟುಗಳಲ್ಲಿ ಒಂದು ಬೆನ್ನುಮೂಳೆಯ ಕೆಳಭಾಗ ಮುರಿಯೋದು. ಬಿ.ಎಚ್. ರಸ್ತೆಯಲ್ಲಿ ಬೈಕಿಂದ ಬಿದ್ದವರಿಗೂ, ಕುದುರೆ ಮೇಲಿಂದ ಬಿದ್ದವರಿಗೂ, ಬಚ್ಚಲಲ್ಲಿ ಜಾರಿದ ಅಜ್ಜಿಗೂ ಮುರಿಯೋದು ಹೆಚ್ಚುಕಡಿಮೆ ಅದೇ ಜಾಗ.

ನಮ್ಮ ಕಡೆ ಆಗ ಏನು ಮಾಡ್ತೀವಿ? ಬಿದ್ದ ಕ್ಷಣ ನಾಲ್ಕು ಜನ ಕೈಕಾಲು ಹಿಡಿದು ಎತ್ತಿ, ಆಟೋದಲ್ಲಿ ಮಡಚಿ ಕೂರಿಸಿ ಓಡ್ತೀವಿ. ಆಮೇಲೆ, ಡಾಕ್ಟರು ‘ಏಳಪ್ಪ, ನಾಲ್ಕು ಹೆಜ್ಜೆ ನಡಿ’ ಅಂದರೂ ಮನೆಯವರು ಮೂರು ತಿಂಗಳು ಮಂಚ ಬಿಟ್ಟು ಇಳಿಯೋಕೆ ಬಿಡಲ್ಲ. ಅಲ್ಲಾಡಿಸಬಾರದ ಹೊತ್ತಲ್ಲಿ ಅಲ್ಲಾಡಿಸ್ತೀವಿ, ಅಲ್ಲಾಡಬೇಕಾದ ಹೊತ್ತಲ್ಲಿ ಕಟ್ಟಿಹಾಕ್ತೀವಿ. ಈ ತಲೆಕೆಳಗು ಲೆಕ್ಕ ಎಲ್ಲಿಂದ ಬಂತು ಅನ್ನೋದಕ್ಕೆ ಮೂರೂವರೆ ಸಾವಿರ ವರ್ಷದ ಕಥೆ ಇದೆ. ಉದ್ದ ಇದೆ, ಸೇವ್ ಮಾಡ್ಕೊಂಡು ಓದಿ.

ಭಾಗ 2

ಮೊದಲು ಮುರಿಯೋ ಜಾಗ ಯಾವುದು ಅಂತ ನೋಡಿಬಿಡೋಣ. ಎದೆ ಹಿಂದೆ ಇರೋ 12 ಕಶೇರುಮಣಿಗಳಿಗೆ ಪಕ್ಕೆಲುಬುಗಳು ಅಂಟಿಕೊಂಡಿವೆ, ಅದಕ್ಕೇ ಆ ಭಾಗ ಬಿಗಿ. ಅದರ ಕೆಳಗೆ ಸೊಂಟದ 5 ಮಣಿಗಳು, ಬಾಗೋಕೆ ಸ್ವತಂತ್ರ. ಬಿಗಿಯಾದ ಕೋಲಿಗೆ ಬಾಗೋ ಕೋಲು ಕಟ್ಟಿದ್ರೆ ಜೋಡಣೆ ಹತ್ತಿರವೇ ಮುರಿಯುತ್ತೆ ತಾನೆ? ಹಾಗೇ ಎದೆಯ 12ನೇ ಮಣಿ ಮತ್ತು ಸೊಂಟದ 1ನೇ ಮಣಿ. ರಿಪೋರ್ಟಲ್ಲಿ ‘ಡಿ-12’, ‘ಎಲ್-1’ ಅಂತ ಬರೆದಿರ್ತಾರೆ. ಕಾಲೂರಿ ಬಿದ್ದರೆ ಪೆಟ್ಟು ಹಿಮ್ಮಡಿಯಿಂದ ಮೇಲಕ್ಕೆ ಏರಿ ಅಲ್ಲಿಗೆ ಬರುತ್ತೆ. ಎತ್ತರದಿಂದ ಬಿದ್ದು ಹಿಮ್ಮಡಿ ಮುರಿದುಕೊಂಡು ಬಂದವರ ಬೆನ್ನನ್ನೂ ನೋಡಬೇಕು ಅಂತ ಡಾಕ್ಟರುಗಳಿಗೆ ಪಾಠದಲ್ಲೇ ಹೇಳಿಕೊಡ್ತಾರೆ.

ಮಿದುಳಬಳ್ಳಿ ಮುಗಿಯೋದೂ ಸುಮಾರು ಅಲ್ಲೇ. ಅಲ್ಲಿಂದ ಕೆಳಗೆ ನರಗಳ ಒಂದು ಕಟ್ಟು. ಅದಕ್ಕೆ ಲ್ಯಾಟಿನ್‌ನಲ್ಲಿ ಇಟ್ಟ ಹೆಸರಿನ ಅರ್ಥ ‘ಕುದುರೆ ಬಾಲ’. ಕುಣಿಗಲ್‌ನವರಿಗೆ ಮರೆಯೋ ಹೆಸರೇ ಅಲ್ಲ ಬಿಡಿ. ಆ ಬಾಲಕ್ಕೆ ಒತ್ತು ಬಿದ್ದರೆ ಒಳತೊಡೆ, ಕೂರೋ ಜಾಗ ಮರಗಟ್ಟುತ್ತೆ. ಮೂತ್ರ ಕಟ್ಟುತ್ತೆ, ಇಲ್ಲಾ ಗೊತ್ತಿಲ್ಲದೇ ಹೋಗುತ್ತೆ. ಕಾಲಿನ ಬಲ ಕುಗ್ಗುತ್ತೆ. ಬಿದ್ದ ದಿನವೇ ಆಗಲಿ, ಹತ್ತು ದಿನ ಬಿಟ್ಟೇ ಆಗಲಿ, ಇದರಲ್ಲಿ ಒಂದು ಕಂಡರೂ ನಾಳೆ ಬೆಳಗ್ಗೆ ನೋಡೋಣ ಅನ್ನಬೇಡಿ. ಆ ರಾತ್ರಿಯೇ ಆಸ್ಪತ್ರೆ.

ಬಿದ್ದವರನ್ನ ಕೂರಿಸಬೇಡಿ, ಸೊಂಟ ಮಡಚಬೇಡಿ, ‘ನಿಂತ್ಕೋ ನೋಡೋಣ’ ಅನ್ನಬೇಡಿ. ಕರ್ನಾಟಕದಲ್ಲಿ 108 ಆಂಬುಲೆನ್ಸ್ ಶುರುವಾಗಿದ್ದು 2008ರ ನವೆಂಬರ್ 1ಕ್ಕೆ. ಅದಕ್ಕೆ ಫೋನ್ ಮಾಡಿ, ಬರೋವರೆಗೂ ಬಿದ್ದ ಜಾಗದಲ್ಲೇ ನೆರಳು ಮಾಡಿಕೊಡಿ. ಬೆಂಕಿಯೋ ವಾಹನವೋ ಬರ್ತಿದೆ, ಎತ್ತಲೇಬೇಕು ಅಂದ್ರೆ ಬಾಗಿಲಿನ ಹಲಗೆ ತನ್ನಿ. ನಾಲ್ಕೈದು ಜನ ಒಟ್ಟಿಗೆ, ತಲೆ, ಭುಜ, ಸೊಂಟ ಒಂದೇ ಗೆರೆಯಲ್ಲಿ ಇರೋ ಹಾಗೆ ಹೊರಳಿಸಿ ಹಲಗೆ ಮೇಲೆ ತನ್ನಿ.

ಈ ಮೊದಲ ಹೊತ್ತಿನ ಬೆಲೆ ನಮ್ಮ ಜಿಲ್ಲೆಗೆ ಚೆನ್ನಾಗಿ ಗೊತ್ತಿರಬೇಕು. 2016ರ ಫೆಬ್ರವರಿಯಲ್ಲಿ ಗುಬ್ಬಿ ತಾಲ್ಲೂಕಿನ ಹರೀಶ್ ಅನ್ನೋ ಯುವಕ ಊರಿಂದ ಬೆಂಗಳೂರಿಗೆ ಬೈಕಲ್ಲಿ ವಾಪಸ್ ಹೋಗುವಾಗ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿ ದೇಹವೇ ಎರಡಾಯ್ತು. ಆ ಸ್ಥಿತಿಯಲ್ಲೂ ನನ್ನ ಅಂಗಾಂಗ ದಾನ ಮಾಡಿ ಅಂತ ಕೇಳಿಕೊಂಡರು. ಕಣ್ಣು ದಾನವಾಯ್ತು. ಮುಂದಿನ ತಿಂಗಳೇ ಸರ್ಕಾರ ‘ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ’ ತಂತು: ರಸ್ತೆ ಅಪಘಾತವಾದ ಮೊದಲ 48 ಗಂಟೆಗಳಿಗೆ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ. ನಮ್ಮ ಪಕ್ಕದ ಹಳ್ಳಿಯ ಹುಡುಗನ ಹೆಸರಲ್ಲಿರೋ ಯೋಜನೆ ಅದು.

ಭಾಗ 3

ಈಗ ಹಿಂದಕ್ಕೆ ಹೋಗೋಣ. ಕ್ರಿ.ಪೂ. 1600ರ ಆಸುಪಾಸಿನ ಈಜಿಪ್ಟಿನ ಒಂದು ಪಪೈರಸ್ ಸುರುಳಿ ಇದೆ, ಎಡ್ವಿನ್ ಸ್ಮಿತ್ ಪಪೈರಸ್ ಅಂತ ಕರೀತಾರೆ. ಒಟ್ಟು 48 ಗಾಯಾಳುಗಳ ವಿವರ, ತಲೆಯಿಂದ ಶುರುವಾಗಿ ಕೆಳಕ್ಕೆ ಇಳಿಯುತ್ತೆ. ಕುತ್ತಿಗೆ ಮಣಿ ಜಾರಿ ಕೈಕಾಲು ಸತ್ತವನ ಬಗ್ಗೆ ಆ ವೈದ್ಯ ನೇರವಾಗಿ ಬರೀತಾನೆ, ಇದು ಚಿಕಿತ್ಸೆ ಕೊಡೋ ಕಾಯಿಲೆ ಅಲ್ಲ ಅಂತ. ಕೊನೆಯದು, 48ನೆಯದು, ಬೆನ್ನಿನ ಮಣಿ ಉಳುಕಿದವನದು. ಕಾಲು ಚಾಚು ಅಂತಾನೆ ವೈದ್ಯ. ಅವನು ಚಾಚ್ತಾನೆ, ನೋವಿಗೆ ತಕ್ಷಣ ಮಡಚಿಕೊಳ್ತಾನೆ. ಇವನಿಗೆ ಚಿಕಿತ್ಸೆ ಇದೆ, ಅಂಗಾತ ಮಲಗಿಸು, ಆಮೇಲೆ... ಅಂತ ಬರೆಯುವಾಗ ಬರಹ ವಾಕ್ಯದ ಮಧ್ಯದಲ್ಲೇ ನಿಂತುಹೋಗಿದೆ! ನಕಲು ಮಾಡ್ತಿದ್ದವನು ಯಾಕೋ ಅಲ್ಲಿಗೇ ಬಿಟ್ಟುಬಿಟ್ಟ. ಮಲಗಿಸು ಅನ್ನೋದು ಉಳೀತು, ಆಮೇಲೆ ಏನು ಅನ್ನೋದು ಉಳೀಲಿಲ್ಲ.

ಗ್ರೀಸಲ್ಲಿ ಇನ್ನೊಂದು ಥರ. ಬೆನ್ನು ಗೂನಾದವನನ್ನ ಏಣಿಗೆ ಕಟ್ಟಿ, ಏಣಿಯನ್ನ ಎತ್ತರಕ್ಕೆ ಎಳೆದು, ದಡ್ ಅಂತ ಕೆಳಗೆ ಬಿಡೋದು. ಕುಲುಕಿದ ರಭಸಕ್ಕೆ ಮೂಳೆ ನೆಟ್ಟಗಾಗುತ್ತೆ ಅಂತ. ಹಿಪೊಕ್ರಟಿಸನ ಹೆಸರಲ್ಲಿರೋ ಗ್ರಂಥವೇ ಇದನ್ನ ವಿವರಿಸಿ, ಜನ ಸೇರಿಸೋಕೆ ಮಾಡೋ ಡೊಂಬರಾಟ ಇದು ಅಂತ ಆ ವೈದ್ಯರನ್ನ ಗೇಲಿ ಮಾಡುತ್ತೆ. ಇವತ್ತಿನ ರೀಲ್ಸ್‌ನಲ್ಲಿ ಬೆನ್ನು ‘ಟಕ್’ ಅನ್ನಿಸೋ ವಿಡಿಯೋಗಳಿಗೆ ಎಷ್ಟು ಹಳೇ ಅಜ್ಜ ಇದಾನೆ ನೋಡಿ. (ಮುರಿದ ಬೆನ್ನಿಗೆ ಅದನ್ನ ಮಾಡಿಸಿಕೊಳ್ಳೋಕೆ ಹೋಗಬೇಡಿ, ದಯವಿಟ್ಟು.)

ನಮ್ಮ ಸುಶ್ರುತ ಸಂಹಿತೆಯದು ಸಮಾಧಾನದ ದಾರಿ. ಕಾಲು, ತೊಡೆ, ಬೆನ್ನು ಮುರಿದವರಿಗೆ ‘ಕಪಾಟಶಯನ’ ಹೇಳುತ್ತೆ, ಅಂದ್ರೆ ಹಲಗೆ ಮೇಲೆ ಮಲಗಿಸಿ, ಅಲ್ಲಾಡದ ಹಾಗೆ ಗೂಟಗಳಿಗೆ ಕಟ್ಟೋದು. ಎಕ್ಸ್‌ರೇ ಇಲ್ಲದ ಕಾಲಕ್ಕೆ ಇದಕ್ಕಿಂತ ಬುದ್ಧಿವಂತಿಕೆ ಏನಿತ್ತು ಹೇಳಿ? ಒಳಗೆ ಏನು ಮುರಿದಿದೆ ಅಂತ ಕಾಣದೇ ಇದ್ದಾಗ ಅಲ್ಲಾಡಿಸದೇ ಇರೋದೇ ಕ್ಷೇಮ.

ಅದೇ ನಂಬಿಕೆಯ ಇನ್ನೊಂದು ಕೊಂಬೆ ನಾಟಿ ಮೂಳೆ ವೈದ್ಯ. ನಮ್ಮ ಕಡೆ ‘ಪುತ್ತೂರು ಕಟ್ಟು’ ಅಂತ ಬೋರ್ಡ್ ನೋಡಿರ್ತೀರ. ದಕ್ಷಿಣ ಕನ್ನಡದ ಪುತ್ತೂರಲ್ಲ, ತಿರುಪತಿ ಹತ್ತಿರದ ಆಂಧ್ರದ ಪುತ್ತೂರು. ಸೊಪ್ಪಿನ ರಸ, ಮೊಟ್ಟೆಯ ಬಿಳಿ ಹಚ್ಚಿ, ಬಟ್ಟೆ ಸುತ್ತಿ, ಬಿದಿರಿನ ದಬ್ಬೆ ಕಟ್ಟೋ ವಿಧಾನ. ಮುಂಗೈ ಸಣ್ಣದಾಗಿ ಬಿರುಕು ಬಿಟ್ಟಿದ್ದಕ್ಕೆ ಕಟ್ಟಿಸಿಕೊಂಡು ವಾಸಿಯಾದವರು ಪ್ರತಿ ಹಳ್ಳಿಯಲ್ಲೂ ಸಿಗ್ತಾರೆ, ಅವರನ್ನ ಸುಳ್ಳುಗಾರರು ಅನ್ನೋಕಾಗಲ್ಲ. ಕೈಗೆ ದಬ್ಬೆ ಕಟ್ಟಬಹುದು. ಬೆನ್ನುಮಣಿ ಹೊಟ್ಟೆಯ ಹಿಂಭಾಗದಲ್ಲಿ, ಸ್ನಾಯುಗಳ ಆಳದಲ್ಲಿದೆ, ಅದಕ್ಕೆ ಅಂಟಿಕೊಂಡೇ ನರ ಇದೆ. ಅದನ್ನ ಹೊರಗಿಂದ ಉಜ್ಜಿ, ಎಳೆದು ಕೂರಿಸ್ತೀನಿ ಅನ್ನೋರ ಹತ್ತಿರ ಹೋಗಬಾರದು ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ಮನೇಲಿ ಹಿರಿಯರು ಬೈದ್ರೂ ಪರವಾಗಿಲ್ಲ.

ಭಾಗ 4

1895ರಲ್ಲಿ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದ. ಮುರಿದಿದ್ದು ಕಾಣೋಕೆ ಶುರುವಾಯ್ತು. ಕಂಡ ಮೇಲೆ ಭಯ ಕಮ್ಮಿ ಆಗಬೇಕಿತ್ತು, ಆದ್ರೆ ತುಂಬಾ ಕಡೆ ಮಲಗಿಸೋದು ಹಾಗೇ ಮುಂದುವರೀತು.

ಬೇರೆ ಥರ ಯೋಚಿಸಿದವರಲ್ಲಿ ವಿಯೆನ್ನಾದ ಲೊರೆಂಜ್ ಬೋಹ್ಲರ್ ಒಬ್ಬ. 1925ರಲ್ಲಿ ಅಲ್ಲಿ ಅಪಘಾತಕ್ಕೇ ಅಂತ ಒಂದು ಆಸ್ಪತ್ರೆ ಶುರುವಾಯ್ತು. ಅದನ್ನ ನಡೆಸಿದ್ದು ಕಾರ್ಮಿಕರ ಅಪಘಾತ ವಿಮೆ ಸಂಸ್ಥೆ. ಕೆಲಸಗಾರ ಬೇಗ ಕೆಲಸಕ್ಕೆ ಮರಳಿದ್ರೆ ವಿಮೆಯವರಿಗೆ ಪರಿಹಾರದ ಖರ್ಚು ಉಳಿಯುತ್ತೆ. ಲೆಕ್ಕಾಚಾರದ ಕರುಣೆ ಅನ್ನಿ, ಆದ್ರೂ ಕೆಲಸಗಾರನಿಗೆ ಲಾಭವೇ ಆಯ್ತು. ಬೋಹ್ಲರ್ ಬೆನ್ನು ಮುರಿದವರಿಗೆ ಬೆನ್ನನ್ನ ಹಿಂದಕ್ಕೆ ಬಾಗಿಸಿ ಎದೆಯಿಂದ ಸೊಂಟದವರೆಗೆ ಪ್ಲಾಸ್ಟರ್ ಹಾಕಿ, ಎಬ್ಬಿಸಿ ನಡೆಸ್ತಿದ್ದ, ವ್ಯಾಯಾಮ ಮಾಡಿಸ್ತಿದ್ದ. ಪ್ಲಾಸ್ಟರ್ ಹಾಕಿಕೊಂಡ ಗಂಡಸರು ತಲೆ ಮೇಲೆ ಭಾರ ಹೊತ್ತು ನೆಟ್ಟಗೆ ನಡೀತಿರೋ ಹಳೇ ಚಿತ್ರಗಳಿವೆ. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತ ನಮ್ಮ ಹೆಂಗಸರ ನಡಿಗೆಯ ಹಾಗೇ ಕಾಣುತ್ತೆ, ಕತ್ತು ನೇರ, ಬೆನ್ನು ನೇರ. (ಇವತ್ತು ಯಾರೂ ಹಾಗೆ ಭಾರ ಹೊರಿಸಲ್ಲ. ಪ್ರಯೋಗ ಬೇಡ.)

ತುಮಕೂರಿನ ಸರ್ಜಿಕಲ್ ಅಂಗಡಿಗಳಲ್ಲಿ ಬೆನ್ನಿಗೆ ಎರಡು ಲೋಹದ ಪಟ್ಟಿ ಇರೋ, ಭುಜಕ್ಕೂ ಹೊಟ್ಟೆಗೂ ಬೆಲ್ಟ್ ಇರೋ ಒಂದು ಸಾಧನ ನೇತು ಹಾಕಿರ್ತಾರೆ. ‘ಟೇಲರ್ ಬ್ರೇಸ್’. ದರ್ಜಿಗೂ ಇದಕ್ಕೂ ಸಂಬಂಧ ಇಲ್ಲ. ನ್ಯೂಯಾರ್ಕಿನ ಚಾರ್ಲ್ಸ್ ಟೇಲರ್ ಅನ್ನೋ ಡಾಕ್ಟರು 1863ರಲ್ಲಿ ಬೆನ್ನುಮೂಳೆ ಕ್ಷಯ ಆದವರಿಗೆ ಮಾಡಿದ್ದು. ನೂರೈವತ್ತಕ್ಕೂ ಹೆಚ್ಚು ವರ್ಷ ಹಳೇ ಸಾಧನವನ್ನ ನಾವು ಇನ್ನೂ ಕೊಂಡು ಹಾಕಿಕೊಳ್ತಾ ಇದೀವಿ. ಅದೇನು ಮಾಡುತ್ತೆ? ಮೂಳೆಯನ್ನ ಕೂಡಿಸಲ್ಲ. ಮರೆತು ಬಾಗೋಕೆ ಹೋದಾಗ ತಡೆಯುತ್ತೆ, ಹಾಕಿಕೊಂಡವರಿಗೆ ಏಳೋಕೆ ಧೈರ್ಯ ಕೊಡುತ್ತೆ. ನರಕ್ಕೆ ಪೆಟ್ಟಾಗದ ಕೆಲವು ಬಗೆಯ ಮುರಿತಗಳಲ್ಲಿ ಬ್ರೇಸ್ ಹಾಕಿದವರಿಗೂ ಹಾಕದವರಿಗೂ ದೊಡ್ಡ ವ್ಯತ್ಯಾಸ ಇಲ್ಲ ಅಂತ 2014ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನ ಹೇಳಿತು. ಅದನ್ನ ಓದಿ ನಿಮ್ಮ ಮಾವನ ಬ್ರೇಸ್ ಬಿಚ್ಚಿಸಬೇಡಿ, ಡಾಕ್ಟರನ್ನ ಕೇಳಿ. ಆದ್ರೆ ಬ್ರೇಸ್ ಹಾಕಿಕೊಂಡು ಮಂಚದ ಮೇಲೇ ಮಲಗಿರೋದಾದ್ರೆ, ಅದನ್ನ ಕೊಂಡಿದ್ದು ಯಾಕೆ?

ಭಾಗ 5

ಮಂಚವೇ ಕಾಯಿಲೆ ಅಂತ ಗೊತ್ತಾಗಿದ್ದು ಎರಡನೇ ಮಹಾಯುದ್ಧದ ಹೊತ್ತಲ್ಲಿ.

ಅದಕ್ಕೂ ಮುಂಚೆ ಬೆನ್ನು ಮುರಿದು ಕಾಲು ಸ್ವಾಧೀನ ತಪ್ಪಿದ ಸೈನಿಕರು ಹೆಚ್ಚು ದಿನ ಬದುಕ್ತಿರಲಿಲ್ಲ. ಅವರನ್ನ ಸಾಯಿಸ್ತಿದ್ದದ್ದು ಮುರಿದ ಮೂಳೆಗಿಂತ ಹೆಚ್ಚಾಗಿ ಮಲಗಿದಲ್ಲೇ ಆಗೋ ಹುಣ್ಣು, ಮೂತ್ರದ ಸೋಂಕು. ಹಿಟ್ಲರನ ಕಾಟಕ್ಕೆ ಜರ್ಮನಿ ಬಿಟ್ಟು 1939ರಲ್ಲಿ ಇಂಗ್ಲೆಂಡಿಗೆ ಬಂದ ಯಹೂದಿ ನರವೈದ್ಯ ಲುಡ್ವಿಗ್ ಗುಟ್‌ಮನ್‌ಗೆ 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಹೊಸ ಬೆನ್ನುಹುರಿ ವಿಭಾಗ ಒಪ್ಪಿಸಿದರು. ಅವನು ಮೊದಲು ಮಾಡಿಸಿದ ಕೆಲಸ ಏನು ಗೊತ್ತಾ? ಎರಡು ಗಂಟೆಗೊಮ್ಮೆ, ಹಗಲೂ ರಾತ್ರಿ, ರೋಗಿಯನ್ನ ಮಗ್ಗುಲು ಬದಲಿಸೋದು. ಔಷಧಿಯಲ್ಲ, ಆಪರೇಷನ್ನಲ್ಲ, ಮಗ್ಗುಲು. ಹುಣ್ಣು ನಿಂತವು. ಜನ ಬದುಕಿದರು. ಬದುಕಿದವರಿಗೆ ಚೆಂಡು, ಬಿಲ್ಲುಬಾಣ ಕೊಟ್ಟ. 1948ರ ಜುಲೈ 29ಕ್ಕೆ, ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ, ಆಸ್ಪತ್ರೆ ಅಂಗಳದಲ್ಲಿ 16 ಜನ ಗಾಲಿಕುರ್ಚಿಯಲ್ಲಿ ಕೂತು ಬಾಣ ಬಿಟ್ಟರು. ಪ್ಯಾರಾಲಿಂಪಿಕ್ಸ್ ಹುಟ್ಟಿದ್ದು ಅಲ್ಲಿಂದ. 1965ರ ಯುದ್ಧದಲ್ಲಿ ಬೆನ್ನಿಗೆ ಗುಂಡು ಬಿದ್ದಿದ್ದ ನಮ್ಮ ಮುರಳೀಕಾಂತ್ ಪೇಟ್ಕರ್ 1972ರಲ್ಲಿ ಈಜಿ ಚಿನ್ನ ತಂದಿದ್ದೂ ಅದೇ ದಾರಿಯಲ್ಲಿ.

1947ರಲ್ಲಿ ರಿಚರ್ಡ್ ಆಷರ್ ಅನ್ನೋ ಲಂಡನ್ ಡಾಕ್ಟರು ಹಾಸಿಗೆಯ ಅಪಾಯಗಳ ಬಗ್ಗೆ ಒಂದು ಸಣ್ಣ, ತಮಾಷೆಯ, ಆದ್ರೆ ಚುಚ್ಚೋ ಲೇಖನ ಬರೆದರು. (ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ 60ರ ದಶಕದಲ್ಲಿ ಕೆಲವು ವರ್ಷ ಇದ್ದದ್ದು ಇವರ ಮನೆಯಲ್ಲೇ.) ಮಲಗಿದವನ ಕಾಲಿನ ರಕ್ತ ಹೆಪ್ಪುಗಟ್ಟುತ್ತೆ, ಸ್ನಾಯು ಕರಗುತ್ತೆ, ಮೂಳೆ ಸುಣ್ಣ ಕಳೆದುಕೊಳ್ಳುತ್ತೆ, ಮಲ ಕಟ್ಟುತ್ತೆ, ಕೊನೆಗೆ ಮನಸ್ಸೂ ಕುಗ್ಗುತ್ತೆ ಅಂತ. ಯೋಚನೆ ಮಾಡಿ: ಮುರಿದ ಮೂಳೆ ಗಟ್ಟಿಯಾಗಲಿ ಅಂತ ಮಲಗಿಸ್ತೀವಿ, ಮಲಗಿದ್ದಕ್ಕೇ ಮಿಕ್ಕ ಮೂಳೆಗಳು ಸವೀತವೆ.

ಹಾಗಾದ್ರೆ ಎಲ್ಲರನ್ನೂ ಎಬ್ಬಿಸಿಬಿಡೋದಾ? ಇಲ್ಲ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಕಲ್ಲಿದ್ದಲು ಗಣಿ ಕುಸಿದು ಬೆನ್ನು ಮುರಿದ ಕಾರ್ಮಿಕರನ್ನ ನೋಡ್ತಿದ್ದ ಫ್ರಾಂಕ್ ಹೋಲ್ಡ್ಸ್‌ವರ್ತ್ 1963ರಲ್ಲಿ ಮುರಿತಗಳನ್ನ ಸ್ಥಿರ, ಅಸ್ಥಿರ ಅಂತ ವಿಂಗಡಿಸಿ ತೋರಿಸಿದರು. ಮಣಿಯ ಮುಂಭಾಗ ಮಾತ್ರ ಕುಸಿದು ಹಿಂದಿನ ಕಟ್ಟುಗಳು ಗಟ್ಟಿಯಾಗಿದ್ರೆ ಸ್ಥಿರ. ಹಿಂದಿನ ಕಟ್ಟೂ ಹರಿದಿದ್ರೆ ಅಸ್ಥಿರ, ಅಲ್ಲಾಡಿದ್ರೆ ನರಕ್ಕೆ ಅಪಾಯ. ವಿಂಗಡಣೆ ಆಮೇಲೆ ತುಂಬಾ ಬದಲಾಗಿದೆ, ಸಿ.ಟಿ., ಎಂ.ಆರ್.ಐ. ಬಂದಿವೆ, ಅಸ್ಥಿರವಾದ್ದನ್ನ ಸ್ಕ್ರೂ, ರಾಡ್ ಹಾಕಿ ಬಿಗೀತಾರೆ. ಆದ್ರೆ ಆ ಪ್ರಶ್ನೆ ಇವತ್ತಿಗೂ ಅದೇ. ಡಾಕ್ಟರ ಮುಂದೆ ಕೂತಾಗ ‘ಎಷ್ಟು ದಿನ ಮಲಗಬೇಕು ಸರ್?’ ಅಂತ ಶುರು ಮಾಡಬೇಡಿ. ‘ಇದು ಸ್ಟೇಬಲ್ಲಾ? ಯಾವತ್ತಿಂದ ನಡೀಬಹುದು?’ ಅಂತ ಕೇಳಿ.

ಭಾಗ 6

ಸರಿ, ಏಳಬೇಕು. ನೋವಿದೆಯಲ್ಲ?

ಮೊದಲ ಎರಡು ವಾರದ ನೋವು ಸುಮ್ಮನೆ ಬಿಡೋ ನೋವಲ್ಲ. ನಮ್ಮಲ್ಲಿ ಗಂಡಸರು ಮಾತ್ರೆ ನುಂಗದೇ ಹಲ್ಲು ಕಚ್ಚಿಕೊಂಡಿರೋದನ್ನ ಪೌರುಷ ಅಂದುಕೊಳ್ತಾರೆ. ನೋವಿಗೆ ಹೆದರಿ ಉಸಿರು ಪೂರ್ತಿ ಎಳೆಯದವರಿಗೆ ಕಫ ಕಟ್ಟುತ್ತೆ, ಏಳದವರಿಗೆ ರಕ್ತ ಹೆಪ್ಪುಗಟ್ಟುತ್ತೆ. ಮಾತ್ರೆ ಇರೋದು ಮಲಗೋಕಲ್ಲ, ಏಳೋಕೆ. ಹೇಳಿದ ಹೊತ್ತಿಗೆ ನುಂಗಿ, ಅದು ಕೆಲಸ ಮಾಡೋ ಹೊತ್ತಲ್ಲಿ ನಡೀಬೇಕು. ಹಾಗಂತ ಡಾಕ್ಟರ ಚೀಟಿ ಮುಗಿದ ಮೇಲೂ ಮೆಡಿಕಲ್ ಶಾಪಲ್ಲಿ ‘ಆ ಕೆಂಪು ಮಾತ್ರೆ ಕೊಡಿ’ ಅಂತ ತಿಂಗಳುಗಟ್ಟಲೆ ತಗೋಬೇಡಿ. ಕೆಲವು ನೋವಿನ ಮಾತ್ರೆ ಹೊಟ್ಟೆ ಹುಣ್ಣು ಮಾಡುತ್ತೆ, ಕಿಡ್ನಿ ಕೆಡಿಸುತ್ತೆ. ಟ್ರಮಡಾಲ್ ಥರದ್ದು ಮಲ ಕಟ್ಟಿಸುತ್ತೆ, ಮುಕ್ಕಿದ್ರೆ ಬೆನ್ನು ಕಿತ್ತು ಬರುತ್ತೆ. ನೀರು, ಸೊಪ್ಪು ಜಾಸ್ತಿ ಕೊಡಿ, ಬೇಕಾದ್ರೆ ಅದಕ್ಕೂ ಔಷಧಿ ಕೇಳಿ. ನಾಚಿಕೆ ಬೇಡ.

ಏಳೋ ರೀತಿಯೂ ಇದೆ. ಮಲಗಿದಲ್ಲಿಂದ ನೇರ ಕೂರೋಕೆ ಹೋಗಬಾರದು. ಮರದ ದಿಮ್ಮಿ ಉರುಳೋ ಹಾಗೆ ಭುಜ, ಸೊಂಟ ಒಟ್ಟಿಗೆ ಮಗ್ಗುಲಾಗಿ, ಕಾಲು ಮಂಚದ ಕೆಳಗೆ ಬಿಟ್ಟು, ಕೈಯಿಂದ ಒತ್ತಿ ಏಳಬೇಕು. ಬಾಗೋದು, ತಿರುಚೋದು, ಬಿಂದಿಗೆ ಎತ್ತೋದು ಡಾಕ್ಟರು ಹೇಳೋವರೆಗೂ ಬೇಡ. ನೆಲದ ಮೇಲೆ ಊಟಕ್ಕೆ ಕೂರೋದು ಬೇಡ, ಕಕ್ಕಸಿಗೆ ಕಮೋಡ್ ಕುರ್ಚಿ ಬಾಡಿಗೆಗೂ ಸಿಗುತ್ತೆ. ಇನ್ನೊಂದು ವಿಷಯ ತುಂಬಾ ಜನಕ್ಕೆ ಆಶ್ಚರ್ಯ ಆಗುತ್ತೆ: ಕೂರೋದು ನಿಲ್ಲೋದಕ್ಕಿಂತ ಬೆನ್ನಿಗೆ ಭಾರ. ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಬೆನ್ನಿನ ಡಿಸ್ಕ್ ಒಳಗೇ ಸೂಜಿ ಇಟ್ಟು ಒತ್ತಡ ಅಳೆದು ಇದನ್ನ ತೋರಿಸಿದ. ಅದಕ್ಕೇ ದಿನಕ್ಕೆ ಎಂಟು ಸಲ ಅಂಗಳದಲ್ಲಿ ಐದೈದು ನಿಮಿಷ ನಡೆಯೋದು ಪರವಾಗಿಲ್ಲ, ಬಸ್ಸಿನ ಹಿಂದಿನ ಸೀಟಲ್ಲಿ ಗುಬ್ಬಿಯಿಂದ ತುಮಕೂರಿಗೆ ಬರೋದು ಆಗಲ್ಲ.

ಮೂಳೆ ಕೂಡೋಕೆ ಸುಮಾರು ಮೂರು ತಿಂಗಳು. ನೋವು ಅದೇ ಕ್ಯಾಲೆಂಡರ್ ನೋಡಲ್ಲ. 1944ರಲ್ಲಿ ಇಟಲಿಯ ಆನ್ಜಿಯೊ ಯುದ್ಧಭೂಮಿಯಲ್ಲಿದ್ದ ಅಮೆರಿಕನ್ ಡಾಕ್ಟರು ಹೆನ್ರಿ ಬೀಚರ್ ಒಂದು ವಿಚಿತ್ರ ನೋಡಿದರು: ತೀವ್ರವಾಗಿ ಗಾಯಗೊಂಡ ಸೈನಿಕರಲ್ಲಿ ಮುಕ್ಕಾಲು ಪಾಲು ಜನ ನೋವಿನ ಔಷಧಿ ಬೇಡ ಅಂದರು. ಅವರಿಗೆ ಗಾಯ ಅಂದ್ರೆ ಯುದ್ಧ ಮುಗೀತು, ಮನೆಗೆ ಹೋಗ್ತೀನಿ ಅಂತ. 1965ರಲ್ಲಿ ಮೆಲ್ಜಾಕ್, ವಾಲ್ ಅನ್ನೋ ಇಬ್ಬರು ನೋವಿನ ಸುದ್ದಿಗೆ ಬೆನ್ನುಹುರಿಯಲ್ಲೇ ಒಂದು ಗೇಟು ಇದೆ, ಮಿದುಳು ಅದನ್ನ ತೆರೀಬಹುದು, ಮುಚ್ಚಬಹುದು ಅಂತ ವಿವರಿಸಿದರು.

ಈಗ ನಮ್ಮ ಮರ ಹತ್ತೋ ಅಣ್ಣನ ಕಡೆ ನೋಡಿ. ಅವನಿಗೆ ಗಾಯ ಅಂದ್ರೆ ಮನೆಗೆ ಹೋಗೋದಲ್ಲ. ದಿನಗೂಲಿ ನಿಂತಿದ್ದು, ಸಂಘದ ಸಾಲದ ಕಂತು, ಇನ್ನು ಮರ ಹತ್ತೋಕಾಗಲ್ಲ ಅನ್ನೋ ಹೆದರಿಕೆ. ಅವನ ಗೇಟು ಮುಚ್ಚೋದೇ ಇಲ್ಲ. ಆರು ತಿಂಗಳಾದ ಮೇಲೂ ನೋಯುತ್ತೆ ಅಂದ್ರೆ ‘ನಾಟಕ ಆಡ್ತಾನೆ’ ಅನ್ನಬೇಡಿ. ಎಕ್ಸ್‌ರೇ ಚೆನ್ನಾಗಿದ್ರೂ ನೋವು ನಿಜ. ಜೊತೆಗೆ ಇನ್ನೊಂದು ಮಾತನ್ನೂ ಅವನಿಗೆ ಹೇಳಬೇಕು: ಮೂಳೆ ಕೂಡಿದೆ ಅಂತ ಡಾಕ್ಟರು ಹೇಳಿದ ಮೇಲೆ, ನಡೆದಾಗ ಸ್ವಲ್ಪ ನೋಯ್ತು ಅಂದ್ರೆ ಮತ್ತೆ ಮುರೀತು ಅಂತ ಅರ್ಥವಲ್ಲ.

ಅಜ್ಜಿಯಂದಿರ ವಿಷಯ ಚಿಕ್ಕದಾಗಿ. ವಯಸ್ಸಾದ್ರೆ ಗೂನು ಬರೋದು ಸಹಜ ಅಂತೀವಿ. ಎಷ್ಟೋ ಸಲ ಅದು ಒಂದೊಂದೇ ಮಣಿ ಸದ್ದಿಲ್ಲದೆ ಕುಸಿದ ಗುರುತು. ಬೀಳದೇನೇ ಬೆನ್ನು ನೋವು ಏಕಾಏಕಿ ಬಂದ್ರೆ ಎಕ್ಸ್‌ರೇ ಮಾಡಿಸಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಸುಣ್ಣ ಇದೆ. ಮುದ್ದೆ ಬಿಟ್ಟು ಬರೀ ಬ್ರೆಡ್ಡು ಕೊಡ್ತಿರೋ ಮನೆಗಳಿಗೆ ಇದು. ಆದ್ರೆ ಸವೆದ ಮೂಳೆಗೆ ಮುದ್ದೆಯೊಂದೇ ಸಾಲಲ್ಲ, ಔಷಧಿಯೂ ಇದೆ.

ಭಾಗ 7

ಕೊನೆಯ ಫೋಟೋ ವೆಲ್ಲೂರಿನದು. ನಮ್ಮ ಕಡೆಯಿಂದ ದೊಡ್ಡ ಕಾಯಿಲೆಗೆ ರೈಲು ಹತ್ತೋ ಊರು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕೇರಳದ ಮೇರಿ ವರ್ಗೀಸ್ ಅನ್ನೋ ಯುವ ಡಾಕ್ಟರು ಇದ್ದರು. 1954ರಲ್ಲಿ ಗೆಳೆಯರ ಜೊತೆ ಹೋಗ್ತಿದ್ದ ಗಾಡಿ ಉರುಳಿ ಸೊಂಟದಿಂದ ಕೆಳಗೆ ಸ್ವಾಧೀನ ಹೋಯ್ತು. ಹಾಸಿಗೆಯಲ್ಲೇ ಉಳೀಬಹುದಿತ್ತು. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠ ರೋಗಿಗಳ ಕೈ ಆಪರೇಷನ್ ಮಾಡೋಕೆ ಕಲಿತರು. ನ್ಯೂಯಾರ್ಕಿಗೆ ಹೋಗಿ ಪುನಶ್ಚೇತನ ವೈದ್ಯ ಓದಿ ಬಂದರು. 1966ರಲ್ಲಿ ವೆಲ್ಲೂರಲ್ಲಿ ಬೆನ್ನುಹುರಿ ಪೆಟ್ಟಾದವರನ್ನ ಇಟ್ಟುಕೊಂಡು ಮತ್ತೆ ಬದುಕೋಕೆ ಕಲಿಸೋ ಸಂಸ್ಥೆ ಶುರುವಾಯ್ತು, ಅದರ ಹಿಂದೆ ಇದ್ದದ್ದು ಅವರು. 1972ರಲ್ಲಿ ಪದ್ಮಶ್ರೀ.

ಆದ್ರೆ ಮೇರಿ ಡಾಕ್ಟರು, ಅವರ ಹಿಂದೆ ಒಂದು ಕಾಲೇಜೇ ನಿಂತಿತ್ತು. ವಿಯೆನ್ನಾದ ಕೆಲಸಗಾರನ ಹಿಂದೆ ವಿಮೆ ಇತ್ತು. ಗುಬ್ಬಿಯಲ್ಲಿ ಕಾಯಿ ಕೆಡವೋರ ಹಿಂದೆ ಯಾರಿದಾರೆ? ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ಅನ್ನೋ ಅಪಘಾತ ವಿಮೆ ಇದೆ, ತೆಂಗಿನ ಮರ ಹತ್ತೋರಿಗೇ ಅಂತ ಮಾಡಿದ್ದು. ಪ್ರೀಮಿಯಂನ ದೊಡ್ಡ ಪಾಲು ಮಂಡಳಿಯೇ ಕಟ್ಟುತ್ತೆ. ವರ್ಷವರ್ಷ ನವೀಕರಿಸಬೇಕು. 2011ರಿಂದ ಮಂಡಳಿಯವರು ಯಂತ್ರ ಕಟ್ಟಿಕೊಂಡು ಮರ ಹತ್ತೋ ತರಬೇತಿಯನ್ನೂ ಕೊಡ್ತಾ ಬಂದಿದಾರೆ. ಬೆಂಗಳೂರಲ್ಲಿ ಅವರ ಪ್ರಾದೇಶಿಕ ಕಚೇರಿ ಇದೆ.

ನಿಮ್ಮ ತೋಟಕ್ಕೆ ಮುಂದಿನ ಸಲ ಕಾಯಿ ಕೆಡವೋಕೆ ಬಂದಾಗ ಆ ಅಣ್ಣನನ್ನ ಕೇಳಿ, ವಿಮೆ ಮಾಡಿಸಿದೀರಾ ಅಂತ. ಇಲ್ಲ ಅಂದ್ರೆ ಮರ ಹತ್ತೋಕೆ ಮುಂಚೆ ಅರ್ಜಿ ತುಂಬಿಸಿ. ಅವರ ಪಾಲಿನ ಹಣ ಯಾರು ಕಟ್ಟಬೇಕು ಅಂತ ಮನೇಲಿ ಅಪ್ಪನ ಹತ್ತಿರ ಮಾತಾಡಿ.

#ತುಮಕೂರು #ಗುಬ್ಬಿ #ಕುಣಿಗಲ್ #ತೆಂಗು #ಬೆನ್ನುಮೂಳೆ #ವೈದ್ಯಚರಿತ್ರೆ